ಯಾವ ಮನೆಯ ಲೆಕ್ಕ

ಹಮೀದ್ ಮಾಸ್ಟ್ರು ನಿದ್ದೆ ಮಾಡುತ್ತಿದ್ದುದು ಬೆನ್ನು ನೆಟ್ಟಗಿಟ್ಟುಕೊಂಡು, ಕೈಯಲ್ಲಿ ಪೆನ್ನು ಹಿಡಿದುಕೊಂಡು. ಹಿಂದಿನ ಬೆಂಚಿನವರಿಗೆ ಇಷ್ಟು ಶ್ರದ್ಧೆಯ ವಿದ್ಯಾರ್ಥಿ ಇಡೀ ತರಗತಿಯಲ್ಲೇ ಇಲ್ಲ ಅನ್ನಿಸಬೇಕು. ಎದುರು ನಿಂತು ಪಾಠ ಮಾಡುವವರಿಗೆ ಮಾತ್ರ ಮುಚ್ಚಿದ ಕಣ್ಣುಗಳು ಕಾಣುತ್ತಿದ್ದವು. ಒಮ್ಮೆ ಮನಃಶಾಸ್ತ್ರದ ಉಪನ್ಯಾಸಕರು ಬೇಕೆಂದೇ ಅವರ ಹೆಸರು ಹಿಡಿದು ಪ್ರಶ್ನೆ ಕೇಳಿದರು. ಮಾಸ್ಟ್ರು ಕಣ್ಣು ತೆರೆದರು, ಎದ್ದು ನಿಂತರು, ಸಾವಧಾನವಾಗಿ ಉತ್ತರವನ್ನೂ ಕೊಟ್ಟರು. ಆದರೆ ಅದು ಬಹಳ ಹೊತ್ತಿನ ಹಿಂದೆ ಬೇರೆ ಯಾರಿಗೋ ಕೇಳಿದ್ದ ಪ್ರಶ್ನೆಯ ಉತ್ತರವಾಗಿತ್ತು. ತರಗತಿ ಗೊಳ್ಳೆಂದಿತು. "ನಾನು ಇನ್ನೂ ಆ ಪ್ರಶ್ನೆಯಲ್ಲೇ ಇದ್ದೆ ಸರ್," ಎಂದು ಹೇಳಿ ಅವರು ಕುಳಿತುಕೊಂಡರು.

ನಗುವುದಕ್ಕೂ ತ್ರಾಣ ಇಲ್ಲದ ಕಾಲ ಅದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಗಣಿತ ಶಿಕ್ಷಣವನ್ನು ವಿಶೇಷ ವಿಷಯವಾಗಿ ತೆಗೆದುಕೊಂಡು, ಕೆಲಸದಲ್ಲಿದ್ದುಕೊಂಡೇ ಅಂಚೆಯ ಮೂಲಕ ಎಂ.ಎಡ್. ಓದುವ ನಮ್ಮಂಥ ಶಿಕ್ಷಕರಿಗೆ ಮೂಡುಬಿದಿರೆಯಲ್ಲಿ ಪ್ರತಿ ಭಾನುವಾರ ತರಗತಿ ನಡೆಯುತ್ತಿತ್ತು. ವಾರವಿಡೀ ಮಕ್ಕಳಿಗೆ ಕಿರುಚಿ ಗಂಟಲು ಹೋದವರು, ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತಿದವರು, ಶನಿವಾರ ಸಂಜೆ ಮದುವೆ ಮನೆಗೆ ಹೋಗಿ ಬಂದವರು, ಎಲ್ಲರೂ ಭಾನುವಾರ ಬೆಳಿಗ್ಗೆ ಆ ಬೆಂಚುಗಳ ಮೇಲೆ ಬಂದು ಕುಸಿಯುತ್ತಿದ್ದೆವು. ನಾನು ಅಳದಂಗಡಿಯವಳು, ಬೆಳ್ತಂಗಡಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ವೇಣೂರಿನ ಮೇಲೆ ಬರುವ ಬಸ್ಸು ನನ್ನದು. ಹಮೀದ್ ಮಾಸ್ಟ್ರು ಮೆಲ್ಕಾರಿನಿಂದ ಬಿ.ಸಿ. ರೋಡಿಗೆ ಬಂದು, ಅಲ್ಲಿಂದ ಸಿದ್ಧಕಟ್ಟೆಯ ದಾರಿಯಾಗಿ ಬರುತ್ತಿದ್ದರು. ನಿಂತುಕೊಂಡೇ ಬಂದ ದಿನ ಅವರಿಗೆ ಮೊದಲ ಪಿರಿಯಡಿನಲ್ಲಿಯೇ ನಿದ್ದೆ. ಸೀಟು ಸಿಕ್ಕಿದ್ದರೆ ಎರಡನೆಯದರಲ್ಲಿ.

ಅವರಿಗೆ ಆಗ ನಲವತ್ತೈದು ದಾಟಿತ್ತು. ಮೆಲ್ಕಾರಿನ ಒಳಗಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮಾಸ್ಟ್ರು. ಬಿಳಿ ಶರ್ಟು, ಅದರ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ತುಂಡು ಸೀಮೆಸುಣ್ಣ. ಭಾನುವಾರವೂ ಅದು ಅಲ್ಲಿಯೇ ಇರುತ್ತಿತ್ತು. ಅಣ್ಣ ತಮ್ಮಂದಿರೆಲ್ಲ ಗಲ್ಫಿನಲ್ಲಿ. ಊರಿಗೆ ಬಂದವರೆಲ್ಲ ಇವರು ಲೆಕ್ಕದ ಮಾಸ್ಟ್ರು ಎಂದು ಒಂದೊಂದು ಕ್ಯಾಲ್ಕುಲೇಟರ್ ತಂದುಕೊಡುತ್ತಿದ್ದರಂತೆ. "ಮನೆಯಲ್ಲಿ ಒಂದು ಅಂಗಡಿ ಇಡುವಷ್ಟು ಉಂಟು," ಎನ್ನುತ್ತಿದ್ದರು. ಇವರನ್ನೂ ಕರೆದಿದ್ದರು, ಲೆಕ್ಕ ಗೊತ್ತಿದ್ದವನು ನೀನು, ಅಲ್ಲಿ ಒಳ್ಳೆಯ ಕೆಲಸ ಸಿಗುತ್ತದೆ ಎಂದು. ನಾನೊಮ್ಮೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

"ಅಲ್ಲಿ ಲೆಕ್ಕ ತಪ್ಪು ಮಾಡಿದ್ರೆ ಕೆಲಸದಿಂದ ತೆಗೀತಾರೆ ಟೀಚರೇ. ಇಲ್ಲಿ ತಪ್ಪು ಮಾಡ್ಲಿಕ್ಕೆ ಅಂತಲೇ ಮಕ್ಕಳು ಬರ್ತಾರೆ. ನನಗೆ ಇದೇ ಒಳ್ಳೆದು ಮಾರಾಯ್ರೆ."

ಮಧ್ಯಾಹ್ನ ನಾವು ಕೆಲವರು ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋಗಿ ಬನ್ಸ್, ಚಾ ಮುಗಿಸುತ್ತಿದ್ದೆವು. ಹಮೀದ್ ಮಾಸ್ಟ್ರು ಮನೆಯಿಂದ ಬುತ್ತಿ ತರುತ್ತಿದ್ದರು. ನಾನು ಜೈನರ ಮನೆಯವಳು, ಕತ್ತಲಾದ ಮೇಲೆ ಉಣ್ಣುವವಳಲ್ಲ ಎಂದು ತಿಳಿದ ಮೇಲೆ ಅವರ ಹೆಂಡತಿ ನನಗೆಂದೇ ಬೇರೆ ಡಬ್ಬಿಯಲ್ಲಿ ಪತ್ತಿರ್ ಎಂಬ ತೆಳು ಅಕ್ಕಿ ರೊಟ್ಟಿ ಮತ್ತು ಬೆಲ್ಲ ಹಾಕಿದ ಕಾಯಿತುರಿ ಕಳುಹಿಸತೊಡಗಿದರು. "ಈ ಡಬ್ಬಿಗೆ ಬೇರೆ ಏನೂ ಹಾಕುವುದಿಲ್ಲ ಅಂತ ಅವಳು ಹೇಳಿದ್ದಾಳೆ. ಸೂರ್ಯ ಮುಳುಗುವ ಮೊದಲು ತಿಂದು ಮುಗಿಸಿ, ಮತ್ತೆ ನನ್ನ ಮೇಲೆ ಪಾಪ ಬರುವುದು ಬೇಡ," ಎಂದು ಹೇಳುವರು. ನನ್ನ ಅಮ್ಮನಿಗೋ, ಮಗಳು ಪ್ರತಿ ವಾರ ಮೂಡುಬಿದಿರೆಗೆ ಹೋಗುತ್ತಾಳೆ, ಬಸದಿಗೆ ಹೋಗಿ ಕೈಮುಗಿದು ಬರುತ್ತಾಳೆ ಎಂಬ ಸಂತೋಷ. ನನಗೆ ಕೊನೆಯ ಪಿರಿಯಡ್ ಮುಗಿದೊಡನೆ ಬಸ್ಸಿಗೆ ಓಡುವುದೇ ಆಗುತ್ತಿತ್ತು. ಇದು ಗೊತ್ತಿದ್ದ ಮಾಸ್ಟ್ರು, "ಇವತ್ತಾದರೂ ದೇವರ ಹತ್ತಿರ ಹಾಜರಿ ಹಾಕಿದ್ರಾ?" ಎಂದು ಕೆಣಕುತ್ತಿದ್ದರು. ಅಷ್ಟು ದಣಿದ ದಿನಗಳಲ್ಲಿ ನನ್ನನ್ನು ಯಾರಾದರೂ ಕೆಣಕುತ್ತಿದ್ದರು ಎಂಬುದೇ ನನಗೊಂದು ಸಮಾಧಾನವಾಗಿತ್ತು.

ನಾವೆಲ್ಲ ಎಂ.ಎಡ್. ಓದುತ್ತಿದ್ದುದು ಬಡ್ತಿಗಾಗಿ. ಅದು ಮುಗಿದರೆ ಶಿಕ್ಷಕರ ತರಬೇತಿ ಸಂಸ್ಥೆಗೆ ಉಪನ್ಯಾಸಕರಾಗಿ ಹೋಗಬಹುದು, ಸಾಲು ಸಾಲು ಮಕ್ಕಳ ಗದ್ದಲದಿಂದ ಪಾರಾಗಬಹುದು. ಹಮೀದ್ ಮಾಸ್ಟ್ರಿಗೂ ಅದೇ ಕೆಲಸ ಬೇಕಿತ್ತು, ಆದರೆ ಕಾರಣ ಬೇರೆ. "ಮಾಸ್ಟ್ರಾಗುವವರಿಗೆ ಪಾಠ ಮಾಡ್ಬೇಕು ಅಂತ ಒಂದು ಆಸೆ. ಒಬ್ಬ ಮಾಸ್ಟ್ರಿಗೆ ಬುದ್ಧಿ ಬಂದ್ರೆ ಎಷ್ಟು ಮಕ್ಕಳ ಕಿವಿ ಉಳೀತದೆ ಗೊತ್ತುಂಟಾ?"

ಅವರು ಮಕ್ಕಳ ಪುಸ್ತಕದಲ್ಲಿ ತಪ್ಪು ಗುರುತು ಹಾಕುತ್ತಿರಲಿಲ್ಲ. ಉತ್ತರ ತಪ್ಪಾಗಿದ್ದರೆ ಮಗುವಿನ ಪಕ್ಕ ಹೋಗಿ ಕುಳಿತು, "ಇದು ಯಾವ ಮನೆಯ ಲೆಕ್ಕ?" ಎಂದು ಕೇಳುತ್ತಿದ್ದರಂತೆ. ಈ ಪ್ರಶ್ನೆ ಹುಟ್ಟಿದ ಕಥೆಯನ್ನು ಅವರು ನಮಗೆ ಒಂದು ಭಾನುವಾರ ಬನ್ಸ್ ತಿನ್ನುವಾಗ ಹೇಳಿದರು. ಅವರ ಶಾಲೆಯ ಸುತ್ತಲಿನ ಮನೆಗಳಲ್ಲಿ ಹೆಚ್ಚಿನವು ಬೀಡಿ ಕಟ್ಟುವ ಮನೆಗಳು. ತಾಯಿ ಬೀಡಿ ಸುರುಟಿದರೆ ಮಕ್ಕಳು ಎಣಿಸಿ ಕಟ್ಟು ಕಟ್ಟುತ್ತಾರೆ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಐದನೆಯ ಕ್ಲಾಸಿನ ಮೈಮುನಾ ಎಂಬ ಹುಡುಗಿ ಹದಿನೆಂಟು ಬಳೆಗೆ ಒಂಬತ್ತು ಬಳೆ ಸೇರಿಸಿದರೆ ಎಷ್ಟು ಎಂಬ ಪ್ರಶ್ನೆಗೆ ಹನ್ನೆರಡು ಎಂದು ಬರೆದಿದ್ದಳು. ಅವಳ ಹಿಂದಿನ ವರ್ಷದ ಟೀಚರು ಇಂಥ ಉತ್ತರಗಳಿಗೆಲ್ಲ ಸೊನ್ನೆ ಕೊಟ್ಟು, ಹುಡುಗಿ ಮಂಕು ಎಂದು ತೀರ್ಮಾನಿಸಿಬಿಟ್ಟಿದ್ದರು.

"ನನಗೂ ಮೊದಲು ಕೋಪವೇ ಬಂದದ್ದು," ಎಂದರು ಮಾಸ್ಟ್ರು. "ಸೇರಿಸಿದ್ರೆ ಹೆಚ್ಚಾಗ್ಬೇಕು, ಇವಳಿಗೆ ಕಡಿಮೆ ಆಗಿದೆ! ಇದು ಯಾವ ಮನೆಯ ಲೆಕ್ಕ ಮಾರಾಯ್ತಿ ಅಂತ ಜೋರಾಗಿಯೇ ಕೇಳಿದೆ. ಆ ದಿನ ನನಗೆ ವಿಪರೀತ ಸುಸ್ತು. ಹಿಂದಿನ ರಾತ್ರಿ ಇಡೀ ಜ್ವರ. ಕೇಳಿ ಅಲ್ಲಿಯೇ ಬೆಂಚಿನಲ್ಲಿ ಕೂತವನಿಗೆ ಕಣ್ಣು ಮುಚ್ಚಿ ಹೋಯ್ತು. ಅವಳು ಪಾಪ, ನಾನು ಮಲಗಿದೆ ಅಂತ ತಿಳಿದು, ಬೆರಳು ಮಡಚಿ ಮಡಚಿ ತನ್ನಷ್ಟಕ್ಕೆ ಹೇಳ್ತಾ ಇದ್ಲು. ಒಂದು ಕಟ್ಟು ಆಯ್ತು, ಎರಡು ಉಳೀತು. ಒಂದು ಕಟ್ಟು ಆಯ್ತು, ಎರಡು ಉಳೀತು."

ನಾವು ಬನ್ಸ್ ಹಿಡಿದುಕೊಂಡೇ ಲೆಕ್ಕ ಹಾಕಿದೆವು. ಹದಿನೆಂಟಕ್ಕೆ ಒಂಬತ್ತು ಸೇರಿದರೆ ಇಪ್ಪತ್ತೇಳು. ಇಪ್ಪತ್ತೈದಕ್ಕೆ ಒಂದು ಕಟ್ಟು, ಮೇಲೆ ಎರಡು. ಅವಳು ಒಂದು ಬರೆದು, ಪಕ್ಕದಲ್ಲಿ ಎರಡು ಬರೆದಿದ್ದಳು. ಶಾಲೆಯಲ್ಲಿ ಹತ್ತಾದ ಕೂಡಲೇ ಎಡಗಡೆಗೆ ಒಂದು ಹೋಗುತ್ತದೆ. ಅವಳ ಮನೆಯಲ್ಲಿ ಇಪ್ಪತ್ತೈದಾದ ಮೇಲೆ ಹೋಗುತ್ತದೆ, ಅಷ್ಟೇ.

"ಬರೀ ಅಂಕಿ ಕೊಟ್ರೆ ಸರಿ ಮಾಡ್ತಾಳೆ," ಎಂದರು ಮಾಸ್ಟ್ರು. "ಬಳೆ, ಪೆನ್ಸಿಲ್, ಕೈಯಲ್ಲಿ ಹಿಡೀಬಹುದಾದ ಸಾಮಾನು ಬಂತು ಅಂದ್ರೆ ಮನೆಯ ಲೆಕ್ಕ ಬಂದುಬಿಡ್ತದೆ. ಅವಳೊಬ್ಬಳೇ ಅಲ್ಲ, ಇನ್ನೂ ಸುಮಾರು ಮಕ್ಕಳು ಉಂಟು. ಅಂದಿನಿಂದ ನಾನು ಕೇಳಿ ಆದ ಮೇಲೆ ಕಣ್ಣು ಮುಚ್ಚಿ ಕೂತುಕೊಳ್ತೇನೆ. ಮಾಸ್ಟ್ರು ಎಚ್ಚರ ಇದ್ರೆ ಮಕ್ಕಳು ಬಾಯಿ ಬಿಡುವುದಿಲ್ಲ ನೋಡಿ."

"ಹಾಗಾದರೆ ಇಲ್ಲಿ ಕ್ಲಾಸಿನಲ್ಲಿ ಮಲಗುವುದೂ ಅದಕ್ಕೇ ಏನು?" ಎಂದು ಕಾರ್ಕಳದಿಂದ ಬರುತ್ತಿದ್ದ ಶೆಟ್ರು ಕೇಳಿದರು.

"ಇಲ್ಲ ಇಲ್ಲ. ಇದು ಅಸಲಿ ನಿದ್ದೆ," ಎಂದರು ಮಾಸ್ಟ್ರು.

ಎರಡನೆಯ ವರ್ಷ ಎಲ್ಲರೂ ಒಂದೊಂದು ಪ್ರಬಂಧ ಬರೆದು ಒಪ್ಪಿಸಬೇಕಿತ್ತು. ಹಮೀದ್ ಮಾಸ್ಟ್ರು ಬೀಡಿ ಕಟ್ಟುವ ಮನೆಯ ಮಕ್ಕಳ ಲೆಕ್ಕದ ಮೇಲೆ ಬರೆಯುತ್ತೇನೆ ಎಂದರು. ನಮಗೆ ಗೊತ್ತುಮಾಡಿದ್ದ ಮಾರ್ಗದರ್ಶಕರು ಕೆಟ್ಟವರೇನಲ್ಲ. ಬೆಂಚಿನ ಮೇಲೆ ಕುಸಿದ ನಮ್ಮಷ್ಟೇ ದಣಿದವರು, ಎರಡು ಊರುಗಳ ಕೇಂದ್ರಗಳ ನಡುವೆ ಓಡಾಡಿ ಸುಸ್ತಾದವರು. ಅವರ ಹತ್ತಿರ ಪ್ರಬಂಧಕ್ಕೆ ಒಂದೇ ಅಚ್ಚು ಇತ್ತು. ಎರಡು ಗುಂಪು ಮಾಡಿ, ಒಂದೇ ಪರೀಕ್ಷೆ ಕೊಡಿ, ಅಂಕಗಳ ಸರಾಸರಿ ತೆಗೆಯಿರಿ, ವ್ಯತ್ಯಾಸ ಇದೆಯೋ ಇಲ್ಲವೋ ಹೇಳಿ, ಮುಗಿಸಿ. ನಾನೂ ಆ ಅಚ್ಚಿನಲ್ಲಿಯೇ ಎರಕ ಹೊಯ್ದೆ. ಹುಡುಗರು ಮತ್ತು ಹುಡುಗಿಯರ ಬೀಜಗಣಿತ ಸಾಧನೆಯ ತುಲನಾತ್ಮಕ ಅಧ್ಯಯನ ಎಂದೇನೋ ಅದರ ಹೆಸರು. ಅದರಲ್ಲಿ ಏನು ಕಂಡುಹಿಡಿದೆ ಎಂದು ಈಗ ಕೇಳಿದರೆ ನನಗೇ ನೆನಪಿಲ್ಲ.

ಮಾಸ್ಟ್ರು ಹೇಳಿದ ಹಾಗೆಯೇ ಮಾಡಿದರು. ಬೀಡಿ ಕಟ್ಟುವ ಮನೆಯ ಮಕ್ಕಳದು ಒಂದು ಗುಂಪು, ಉಳಿದವರದು ಇನ್ನೊಂದು. ಮುದ್ರಿತ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ಮಾಡಿದರು. ಮೈಮುನಾಳ ಗುಂಪು ಹಿಂದೆ ಬಿತ್ತು. ಬೀಳದೆ ಇರುತ್ತದೆಯೇ? ಆಮೇಲೆ ಅದೇ ಲೆಕ್ಕಗಳನ್ನು ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು, ಬಾಯಲ್ಲಿ ಕೇಳಿ, ಎದುರು ಕಡ್ಡಿಗಳನ್ನು ಇಟ್ಟು, ತಮ್ಮ ಕಣ್ಣು ಮುಚ್ಚಿಕೊಂಡು ಕಾದು ಮಾಡಿಸಿದರು. ಆಗ ಬೀಡಿ ಮನೆಯ ಮಕ್ಕಳು ಇನ್ನೊಂದು ಗುಂಪಿಗಿಂತ ಬೇಗ ಮಾಡಿದರು. ಈ ಎರಡನೆಯದನ್ನೂ ಬರೆದು ಒಂದು ಅಧ್ಯಾಯ ಮಾಡಿ ಒಯ್ದರು.

ಆ ಭಾನುವಾರ ನಾನೂ ನನ್ನ ಪ್ರಬಂಧ ತೋರಿಸಲು ಅದೇ ಕೋಣೆಯಲ್ಲಿ ಕುಳಿತಿದ್ದೆ. ಮಾರ್ಗದರ್ಶಕರು ಪುಟ ತಿರುವಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಬಿಟ್ಟುಬಿಡಿ ಮಾಸ್ಟ್ರೆ. ಕಡ್ಡಿ ಇಟ್ಟದ್ದು, ಕಣ್ಣು ಮುಚ್ಚಿದ್ದು, ಇದೆಲ್ಲ ಪರೀಕ್ಷೆಯ ಸಾಧನ ಆಗುವುದಿಲ್ಲ. ಮೊದಲಿನದ್ದು ಚೆನ್ನಾಗಿ ಬಂದಿದೆ. ವ್ಯತ್ಯಾಸ ಸ್ಪಷ್ಟ ಉಂಟು. ಅದನ್ನೇ ಕೊಡಿ, ಪಾಸಾಗ್ತದೆ."

"ಅದನ್ನು ಮಾತ್ರ ಕೊಟ್ರೆ, ಬೀಡಿ ಮನೆಯ ಮಕ್ಕಳು ಲೆಕ್ಕದಲ್ಲಿ ಹಿಂದೆ ಅಂತ ಆಗ್ತದಲ್ಲ ಸರ್?"

"ಅಂಕಗಳು ಹಾಗೆ ಹೇಳ್ತವೆ. ನಾನು ಹೇಳುವುದಲ್ಲ."

"ನಾನು ಬರೆದ ಹಾಗೆ ಆಗ್ತದಲ್ಲ. ಅವರ ಮಾಸ್ಟ್ರೇ ಬರೆದ ಹಾಗೆ."

ಮಾರ್ಗದರ್ಶಕರಿಗೂ ಸಂಕಟವಾಯಿತು. ಒಪ್ಪಿಸುವ ಕಡೆಯ ದಿನ ಹತ್ತಿರವಿತ್ತು, ಅವರ ಕೈಯಲ್ಲಿಯೂ ಹೆಚ್ಚೇನೂ ಇರಲಿಲ್ಲ. "ನೀವು ತಿದ್ದಿ ತನ್ನಿ, ನೋಡುವ," ಎಂದು ಕಟ್ಟನ್ನು ಹಿಂದೆ ಕೊಟ್ಟರು.

ಹೊರಗೆ ಬಂದಾಗ ನಾನು ಹೇಳಿದೆ, "ಕೊಟ್ಟುಬಿಡಿ ಮಾಸ್ಟ್ರೆ. ಇದನ್ನೆಲ್ಲ ಯಾರು ಓದ್ತಾರೆ? ಯಾವುದೋ ಕಪಾಟಿನಲ್ಲಿ ಧೂಳು ತಿನ್ನುತ್ತಾ ಬಿದ್ದಿರ್ತದೆ. ಡಿಗ್ರಿ ಸಿಕ್ಕಿದ ಮೇಲೆ ತರಬೇತಿ ಸಂಸ್ಥೆಗೆ ಹೋಗಿ ನಿಮಗೆ ಬೇಕಾದ್ದನ್ನು ಪಾಠ ಮಾಡಿ."

ಅವರು ಕೊಡೆಯನ್ನು ಊರಿ ನಿಂತರು. "ಯಾರೂ ಓದುವುದಿಲ್ಲ ಅಂತ ನಂಬಿ ಬರೆಯುವುದಾದ್ರೆ, ನಾವು ಯಾಕೆ ಟೀಚರೇ ಇಷ್ಟು ದೂರ ನೇತಾಡಿಕೊಂಡು ಬರುವುದು? ಮನೆಯಲ್ಲೇ ಮಲಗಬಹುದಿತ್ತಲ್ಲ."

ನನಗೆ ಬಸ್ಸು ಹಿಡಿಯಬೇಕಿತ್ತು.

ಅವರು ತಿದ್ದಿ ತರಲಿಲ್ಲ. ತರುವುದಿಲ್ಲ ಎಂದು ಶಪಥ ಮಾಡಿದ್ದರೆಂದು ನಾನು ಹೇಳಲಾರೆ. ಅವರು ಅಂಥ ಹಟಮಾರಿಯಲ್ಲ. ಬೇರೆ ರೀತಿಯಲ್ಲಿ ಬರೆಯಲು ಕುಳಿತರಂತೆ. ಅಷ್ಟರಲ್ಲಿ ಚುನಾವಣೆ ಬಂತು, ಪೋಲಿಯೊ ಹನಿ ಹಾಕುವ ಭಾನುವಾರಗಳು ಬಂದವು, ಹೆಂಡತಿಗೆ ಹುಷಾರಿಲ್ಲದೆ ಆಸ್ಪತ್ರೆಗೆ ಅಲೆದಾಟವಾಯಿತು. ಸಿಕ್ಕಿದ ಬಿಡುವಿನಲ್ಲಿ ಪೆನ್ನು ಹಿಡಿದು ಕುಳಿತರೆ ನಿದ್ದೆ ಬರುತ್ತಿತ್ತು ಎಂದು ಅವರೇ ಆಮೇಲೆ ಹೇಳಿದರು. ನೋಂದಣಿಯ ಅವಧಿ ಮುಗಿಯಿತು. ಎರಡು ವರ್ಷದ ಭಾನುವಾರಗಳು ಹಾಗೆಯೇ ಹೋದವು. ದೊಡ್ಡ ಅನ್ಯಾಯ ನಡೆದರೆ ಸಿಟ್ಟಾದರೂ ಬರುತ್ತದೆ. ಇಲ್ಲಿ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ನನಗೆ ತಿಳಿಯಲಿಲ್ಲ, ಬರೀ ಬೇಸರವಾಯಿತು.

ನನಗೆ ಡಿಗ್ರಿ ಬಂತು, ಕೆಲವು ವರ್ಷಗಳ ಮೇಲೆ ತರಬೇತಿ ಸಂಸ್ಥೆಯಲ್ಲಿ ಉಪನ್ಯಾಸಕಿಯ ಕೆಲಸವೂ ಸಿಕ್ಕಿತು. ಗಣಿತ ಬೋಧನೆಯ ಪಾಠದಲ್ಲಿ ನಾನು ಮೊದಲು ಹೇಳುತ್ತಿದ್ದುದೇ ಮೈಮುನಾಳ ಹದಿನೆಂಟು ಮತ್ತು ಒಂಬತ್ತರ ಕಥೆ. ಶಿಕ್ಷಕರಾಗಲಿರುವ ಹುಡುಗ ಹುಡುಗಿಯರು ಅದನ್ನು ಬಾಯಿ ತೆರೆದು ಕೇಳುತ್ತಿದ್ದರು. ತಪ್ಪು ಗುರುತು ಹಾಕಬೇಡಿ, ಯಾವ ಮನೆಯ ಲೆಕ್ಕ ಎಂದು ಕೇಳಿ ಎಂದು ಹೇಳಿಕೊಡುತ್ತಿದ್ದೆ. ಪರೀಕ್ಷೆಯಲ್ಲಿಯೂ ಅವರು ಅದನ್ನು ಚೆನ್ನಾಗಿ ಬರೆಯುತ್ತಿದ್ದರು. ಹಮೀದ್ ಮಾಸ್ಟ್ರ ಆಸೆ ಹೇಗೋ ನನ್ನ ಮೂಲಕ ನಡೆಯುತ್ತಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಎರಡು ಸಾವಿರದ ಹತ್ತರ ಆಚೆಯ ಒಂದು ಮಳೆಗಾಲ ಕಳೆದ ಮೇಲೆ, ನಮ್ಮ ವಿದ್ಯಾರ್ಥಿಗಳ ಅಭ್ಯಾಸ ಪಾಠ ನೋಡಲು ಮೆಲ್ಕಾರಿನ ಕಡೆಯ ಶಾಲೆಗಳಿಗೆ ಹೋಗುವ ಸರದಿ ನನಗೆ ಬಂತು. ಹಮೀದ್ ಮಾಸ್ಟ್ರ ಶಾಲೆಯೂ ಅದರಲ್ಲಿ ಇತ್ತು. ನಾನು ಹೋದಾಗ ಅವರು ಐದನೆಯ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಬೆನ್ನು ನೆಟ್ಟಗೆ, ಕೈಯಲ್ಲಿ ಸೀಮೆಸುಣ್ಣ, ಕಣ್ಣು ಮುಚ್ಚಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮುಖ ಇಳಿದಿತ್ತು. ನಾನು ಸದ್ದು ಮಾಡದೆ ಅವರ ಪಕ್ಕ ಹೋಗಿ ಕುಳಿತೆ.

ಮುಂದೆ ನನ್ನ ವಿದ್ಯಾರ್ಥಿನಿ ಒಬ್ಬಳು ಕಳೆಯುವ ಲೆಕ್ಕ ಕಲಿಸುತ್ತಿದ್ದಳು. ಚುರುಕಾದ ಹುಡುಗಿ, ಬಣ್ಣ ಬಣ್ಣದ ಪಟಗಳನ್ನು ಮಾಡಿಕೊಂಡು ಬಂದಿದ್ದಳು. ಒಂದು ಮಗು ಬೋರ್ಡಿನ ಮೇಲೆ ತಪ್ಪು ಉತ್ತರ ಬರೆಯಿತು. ಅವಳು ನನ್ನತ್ತ ಒಮ್ಮೆ ನೋಡಿ, ನಾನು ಕಲಿಸಿದ್ದನ್ನು ತೋರಿಸುವ ಉತ್ಸಾಹದಲ್ಲಿ, ಗಟ್ಟಿಯಾದ ಸ್ವರದಲ್ಲಿ ಕೇಳಿದಳು, "ಇದು ಯಾವ ಮನೆಯ ಲೆಕ್ಕ?"

ಇಡೀ ತರಗತಿ ನಕ್ಕಿತು. ಮಗು ಬೋರ್ಡಿಗೆ ಮುಖ ಮಾಡಿಕೊಂಡೇ ನಿಂತಿತು. "ಹೇಳು, ಹೇಳು. ಬೇಗ ಹೇಳು," ಎಂದು ಅವಳು ನಗುನಗುತ್ತಲೇ ಅವಸರ ಮಾಡಿದಳು. ಉತ್ತರ ಬರದಿದ್ದಾಗ ಒರಸಿ ಸರಿಯಾದದ್ದನ್ನು ತಾನೇ ಬರೆದಳು.

ಪಕ್ಕದಲ್ಲಿ ಹಮೀದ್ ಮಾಸ್ಟ್ರು ಕಣ್ಣು ತೆರೆದಿದ್ದರು. ಅವರು ಮೊದಲು ಆ ಹುಡುಗಿಯನ್ನು ನೋಡಿದರು, ಆಮೇಲೆ ನನ್ನನ್ನು. ಗುರುತು ಹಿಡಿದು ನಕ್ಕರು. ಮೆಲ್ಲಗೆ ಎದ್ದು, ಜಾಗಕ್ಕೆ ಬಂದು ಕುಳಿತಿದ್ದ ಆ ಮಗುವಿನ ಬೆಂಚಿಗೆ ಹೋಗಿ, ಪಕ್ಕದಲ್ಲಿ ಜಾಗ ಮಾಡಿಕೊಂಡರು. ಏನೋ ಕೇಳಿದರು. ಮತ್ತೆ ಕಣ್ಣು ಮುಚ್ಚಿದರು. ಪಾಠ ಮುಂದೆ ಸಾಗಿತು, ಇನ್ನೊಂದು ಲೆಕ್ಕ ಮುಗಿಯಿತು, ಮಗು ಸುಮ್ಮನಿತ್ತು, ಅವರೂ ಸುಮ್ಮನಿದ್ದರು. ಗಂಟೆ ಹೊಡೆಯುವ ಸ್ವಲ್ಪ ಮೊದಲು ಮಗು ಬೆರಳು ಮಡಚುತ್ತಾ ಪಿಸುಗುಡತೊಡಗಿದ್ದು ನನಗೆ ಕಂಡಿತು.

ಆಮೇಲೆ ಶಾಲೆಯ ಜಗಲಿಯಲ್ಲಿ ಚಾ ಕುಡಿದೆವು. ಇನ್ನೊಮ್ಮೆ ಹೆಸರು ನೋಂದಾಯಿಸಿ, ಈಗ ನಿಯಮಗಳು ಬದಲಾಗಿವೆ, ಆ ಅಧ್ಯಾಯವನ್ನು ಒಪ್ಪುವವರು ಈಗ ಇದ್ದಾರೆ, ನಾನೇ ನಿಂತು ಮಾಡಿಸಿಕೊಡುತ್ತೇನೆ ಎಂದೆ. ಅವರು ಅಡ್ಡಡ್ಡ ತಲೆಯಾಡಿಸಿದರು.

"ಸಾಕಾಯ್ತು ಟೀಚರೇ. ಇನ್ನು ಎರಡು ವರ್ಷದಲ್ಲಿ ರಿಟೈರ್. ಮೈಮುನಾಳ ಮದುವೆ ಆಗಿ ಅವಳ ಮಗಳು ಈಗ ಇಲ್ಲಿಯೇ ಅಂಗನವಾಡಿಗೆ ಬರ್ತಾಳೆ. ನನ್ನ ಪ್ರಬಂಧ ಹಾಗೆ ಎರಡನೇ ತಲೆಮಾರಿಗೆ ಬಂತು."

"ನನ್ನ ಹುಡುಗಿ ಹಾಗೆ ಕೇಳಿದ್ದು ನೋಡಿ ನನಗೆ ನಾಚಿಕೆ ಆಯ್ತು ಮಾಸ್ಟ್ರೆ."

"ಛೆ, ಒಳ್ಳೆ ಹುಡುಗಿ. ಅವಳು ಪ್ರಶ್ನೆ ಸರಿಯಾಗಿಯೇ ಕೇಳಿದ್ದಾಳೆ." ಅವರು ಲೋಟ ಕೆಳಗಿಟ್ಟರು. "ಕೇಳಿದ ಮೇಲೆ ಕಾಯಬೇಕು. ಅದೊಂದು ನೀವು ಪಾಠದಲ್ಲಿ ಬಿಟ್ಟಿದ್ದೀರಿ ಅಂತ ಕಾಣ್ತದೆ. ಬರ್ಲಿಕ್ಕೆ ಹೊತ್ತು ಬೇಕಲ್ವಾ? ಮಕ್ಕಳು ಮನೆಯಿಂದ ನಡೆದು ಬರ್ಬೇಕು."

ಹೊರಡುವಾಗ ಅವರ ಮನೆಯಿಂದ ಒಂದು ಡಬ್ಬಿ ಬಂತು. ನಾನು ಬಂದಿರುವುದನ್ನು ಯಾರೋ ಮನೆಗೆ ಹೇಳಿ ಕಳುಹಿಸಿದ್ದರು. "ಹೊತ್ತು ಮುಳುಗುವ ಮೊದಲು," ಎಂದು ಮಾಸ್ಟ್ರು ನೆನಪಿಸಿದರು. ಅದೇ ಕೊನೆಯ ಭೇಟಿ. ಮರುವರ್ಷ, ನಿವೃತ್ತಿಗೆ ಮುಂಚೆಯೇ, ಮಧ್ಯಾಹ್ನದ ಪಿರಿಯಡ್ ಮುಗಿಸಿ ಶಾಲೆಯಲ್ಲಿಯೇ ಕುರ್ಚಿಯಲ್ಲಿ ಕುಳಿತಿದ್ದವರು ಏಳಲಿಲ್ಲವಂತೆ. ಮಾಸ್ಟ್ರು ಕಾಯುತ್ತಿದ್ದಾರೆ ಎಂದುಕೊಂಡು ಮಕ್ಕಳು ತುಂಬ ಹೊತ್ತು ತಮ್ಮ ತಮ್ಮ ಲೆಕ್ಕ ಮಾಡುತ್ತಲೇ ಇದ್ದರಂತೆ. ಸುದ್ದಿ ಕೇಳಿದ ದಿನ ನಾನು ಸಂಸ್ಥೆಯ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಡಬ್ಬಿ ಹಿಂದಿರುಗಿಸುವುದು ಬಾಕಿಯೇ ಉಳಿದಿತ್ತು.

ಮೂಡುಬಿದಿರೆಯ ದಿನಗಳಲ್ಲಿ ಅವರಿಗಿದ್ದ ವಯಸ್ಸು ಈಗ ನನಗೂ ದಾಟಿದೆ. ಹದಿನೆಂಟು ಮತ್ತು ಒಂಬತ್ತರ ಕಥೆಯನ್ನು ಪ್ರತಿ ವರ್ಷ ಹೇಳುತ್ತೇನೆ, ಆದರೆ ಅದರ ಉತ್ತರವನ್ನು ಹೇಳುವುದಿಲ್ಲ. ಸೇರಿಸಿದರೆ ಹನ್ನೆರಡು ಹೇಗಾಯಿತು, ನೀವೇ ಹೇಳಿ ಎಂದು ಕೇಳಿ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು ಕಣ್ಣು ಮುಚ್ಚುತ್ತೇನೆ. ಆಮೇಲೆ ಪಿಸುಪಿಸು. "ಮೇಡಂಗೆ ನಿದ್ದೆ ಬಂತು ಅಂತ ಕಾಣ್ತದೆ," ಎಂದು ಯಾರೋ ಮೆಲ್ಲಗೆ ನಗುತ್ತಾರೆ. ನಿಜವಾಗಿ ನನಗೆ ದಣಿವೇ ಆಗಿರುತ್ತದೆ. ಆದರೂ ಕಣ್ಣು ತೆರೆಯುವುದಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಬೆರಳು ಮಡಚಲು ಸುರು ಮಾಡುವವರೆಗೆ ಕಾಯುತ್ತೇನೆ.